ಹೂ ಕೊಟ್ಟ ಬಂದೂಕು

ಯಾವ ಕೆಲಸಕ್ಕೆ ನಾವು ಎಳ್ಳಷ್ಟೂ ಲಾಯಕ್ಕಲ್ಲವೋ ಅದೇ ಬಂದು ಕೊರಳಿಗೆ ಬೀಳುವುದು ನಮ್ಮ ಮನೆತನದಲ್ಲಿ ಮೊದಲಿನಿಂದ ನಡೆದುಬಂದಿದೆ. ನೀರು ಕಂಡರೆ ನಡುಗುತ್ತಿದ್ದ ನಮ್ಮ ಕಾಕಾ ನೀರಾವರಿ ಇಲಾಖೆಯಲ್ಲಿ ನಿವೃತ್ತರಾದರು. ಒಂದು ಸ್ವರ ನೆಟ್ಟಗೆ ಬಾರದ ನಮ್ಮಕ್ಕನನ್ನು ಸಂಗೀತಗಾರರ ಮನೆಗೆ ಕೊಟ್ಟರು. ಜಿರಲೆ ಕಂಡರೆ ಮಂಚ ಹತ್ತುವ ನಾನು ನ್ಯೂಜಿಲೆಂಡಿಗೆ ಬಂದು ಬಂದೂಕಿನ ಅಂಗಡಿ ಸೇರಿದೆ.

ನನ್ನ ಗಂಡ ಇಂಜಿನಿಯರು. ಅವರ ಬೆನ್ನಿಗೆ ನಾನೂ ಬಂದು ತಕಾನಿನಿಯ ಹೊಸ ಬಡಾವಣೆಯಲ್ಲಿ ಮನೆ ಮಾಡಿದ್ದಾಯಿತು. ಎಲ್ಲಿ ಅರ್ಜಿ ಹಾಕಿದರೂ ಈ ದೇಶದ ಅನುಭವ ಇಲ್ಲ ಅಂತ ಒಂದೇ ಉತ್ತರ. ಮನೆಯಲ್ಲಿ ಕೂತು ಕೂತು ವಾಷಿಂಗ್ ಮಷೀನಿನ ಜೊತೆ ಮಾತಾಡುವ ಹಂತಕ್ಕೆ ಬಂದಿದ್ದೆ. ಆಗ ಅದೇ ನಗರದ ಒನೆಹುಂಗಾ ಭಾಗದ ಅಂಗಡಿಯೊಂದರಿಂದ ಕರೆ ಬಂತು. ಬೇಟೆಯ ಮತ್ತು ಮೀನು ಹಿಡಿಯುವ ಸಾಮಾನಿನ ಅಂಗಡಿ. ನಾನು ಗದಗಿನಲ್ಲಿ ನಮ್ಮಪ್ಪನ ಸೀರೆ ಅಂಗಡಿಯಲ್ಲಿ ಗಿರಾಕಿಗಳನ್ನು ನೋಡಿಕೊಂಡಿದ್ದೆ ಅಂದಾಗ ಮಾಲೀಕರು, "ಬಂದೂಕಿನ ವಿಷಯ ನಾನು ಕಲಿಸುತ್ತೇನೆ, ಗಿರಾಕಿಯ ವಿಷಯ ಯಾರಿಗೂ ಕಲಿಸಲಿಕ್ಕೆ ಬರುವುದಿಲ್ಲ" ಅಂದರು. ಕಾನೂನಿನ ಪ್ರಕಾರ ಪರೀಕ್ಷೆ ಬರೆದು ಲೈಸೆನ್ಸೂ ಪಡೆದೆ. ಆದರೆ ಅಕ್ಟೋಬರ್ ಮುಗಿಯುವವರೆಗೆ ನನ್ನದು ಟ್ರಯಲ್. ಪಾಸಾದರೆ ಕೆಲಸ ಖಾಯಂ, ಇಲ್ಲದಿದ್ದರೆ ಮತ್ತೆ ವಾಷಿಂಗ್ ಮಷೀನೇ ಗತಿ.

೧. ಸೀರೆ ಅಂಗಡಿಯ ಪದ್ಧತಿ

ಸೀರೆ ಅಂಗಡಿಯಲ್ಲಿ ನಮ್ಮಪ್ಪ ಕಲಿಸಿದ್ದು ಒಂದೇ ಪಾಠ: ಗಿರಾಕಿ ಬಾಯಿ ಬಿಡುವ ಮೊದಲೇ ರಾಶಿ ಹಾಕು, ಕೈ ಎಲ್ಲಿ ನಿಲ್ಲುತ್ತದೋ ನೋಡು.

ಮೊದಲನೆಯ ವಾರವೇ ದಂಪತಿಗಳು ಬಂದರು. ಗಂಡ ಜಿಂಕೆಗೆ ಒಂದು ರೈಫಲ್ ತೋರಿಸಿ ಅಂದ. ನಾನು ಕಪಾಟಿನ ಕೀಲಿ ತೆಗೆದು ಒಂದಾದ ಮೇಲೆ ಒಂದು ಕೌಂಟರಿನ ಮೇಲೆ ಹರವಿದೆ. ಇದು ಗಟ್ಟಿ ಬಾಳಿಕೆಯದು, ಇದು ಈ ವರ್ಷ ಬಹಳ ಓಡುತ್ತಿದೆ, ಇದರ ಕಟ್ಟಿಗೆಯ ಬಣ್ಣ ನಿಮ್ಮ ಮೈಬಣ್ಣಕ್ಕೆ ಒಪ್ಪುತ್ತದೆ ಅಂದೆ. ಗಂಡ ಒಂದನ್ನು ಭುಜಕ್ಕೇರಿಸಿದಾಗ ಟೋಪಿ ವಿಭಾಗದಿಂದ ಉದ್ದ ಕನ್ನಡಿ ಎಳೆದು ತಂದು ಮುಂದೆ ನಿಲ್ಲಿಸಿದೆ. ಅವನು ಹಿಂದೆ ತಿರುಗಿ ಬೆನ್ನೂ ನೋಡಿಕೊಂಡ. ಹೆಂಡತಿ ಇನ್ನೊಂದು ಸಲ ಹಾಕಿಕೋ ಅಂದಳು.

ಅಷ್ಟರಲ್ಲಿ ಮಾಲೀಕರು ಒಳಗಿನಿಂದ ಚಹಾ ಹಿಡಿದುಕೊಂಡು ಬಂದರು. ಕಪಾಟು ಖಾಲಿ, ಕೌಂಟರ್ ತುಂಬ ಬಂದೂಕು, ಗಿರಾಕಿಯ ಕೈಯಲ್ಲೊಂದು ಬಂದೂಕು. ಅಂಗಡಿ ದರೋಡೆಯಾಗುತ್ತಿದೆ ಅಂತ ತಿಳಿದು ಚಹಾದ ಕಪ್ಪಿನ ಸಮೇತ ಎರಡೂ ಕೈ ಮೇಲೆತ್ತಿದರು. ಒಂದು ಸಲಕ್ಕೆ ಒಂದೇ ಹೊರಗೆ ತೆಗೆಯಬೇಕು ಅನ್ನುವ ನಿಯಮ ನನಗೆ ಅವತ್ತು ಗೊತ್ತಾಯಿತು, ಅದೂ ಅವರ ಅಂಗಿಗೆ ಚೆಲ್ಲಿದ ಚಹಾ ಒರೆಸುತ್ತ. ಕನ್ನಡಿ ಮಾತ್ರ ಅಲ್ಲೇ ಇರಲಿ ಅಂದರು, ಯಾಕೆಂದರೆ ಆ ಗಂಡ ಎರಡು ಬಂದೂಕು ಕೊಂಡಿದ್ದ.

೨. ಕ್ಯಾಲಿಬರ್ ಅಂಕಲ್

ಶನಿವಾರ ಬಾಗಿಲು ತೆಗೆಯುವ ಹೊತ್ತಿಗೆ ಹೊರಗೆ ಒಂದು ಹಳೇ ಯೂಟ್, ಅಂದರೆ ಹಿಂದೆ ಸಾಮಾನು ಹೇರುವ ತೆರೆದ ಗಾಡಿ, ನಿಂತಿರುತ್ತಿತ್ತು. ಅದರಿಂದ ಇಳಿಯುತ್ತಿದ್ದವರು ಕುರಿ ಸಾಕಣೆಯಿಂದ ನಿವೃತ್ತರಾದ ಹಿರಿಯರು. ನಾನು ಮನಸ್ಸಿನಲ್ಲೇ ಅವರಿಗೆ ಕ್ಯಾಲಿಬರ್ ಅಂಕಲ್ ಅಂತ ಹೆಸರಿಟ್ಟಿದ್ದೆ. ಅವರಿಗೆ ಲಿವರ್ ಆಕ್ಷನ್ ಬಂದೂಕು ಬೇಕು. ಹಳೇ ಇಂಗ್ಲಿಷ್ ಸಿನಿಮಾಗಳಲ್ಲಿ ಕುದುರೆ ಸವಾರರು ಹಿಡಿದಿರುತ್ತಾರಲ್ಲ, ಅದು. ಬೆರಳುಗಳ ಕೆಳಗೆ ಕಬ್ಬಿಣದ ಹಿಡಿಕೆ ಇರುತ್ತದೆ, ಅದನ್ನು ಕೆಳಗೆ ತಳ್ಳಿ ಮೇಲೆ ಎಳೆದರೆ ಮುಂದಿನ ಗುಂಡು ಒಳಗೆ ಕೂಡುತ್ತದೆ. ಅದರಲ್ಲೂ ದಪ್ಪ ಗುಂಡಿನದೇ ಬೇಕು. ಗುಂಡಿನ ಆ ದಪ್ಪಕ್ಕೇ ಕ್ಯಾಲಿಬರ್ ಅನ್ನುವುದು, ಅದು ಯಾವುದಿರಬೇಕು ಅನ್ನುವುದೇ ತಕರಾರು.

ಮೂರರಲ್ಲಿ ಸಣ್ಣ ಗುಂಡಿನ ಥರ್ಟಿ ಥರ್ಟಿ ಹಿಡಿದರೆ ಹಂದಿಗೆ ಸಾಲದು ಅನ್ನುತ್ತಿದ್ದರು. ಎಲ್ಲಕ್ಕೂ ದಪ್ಪ ಗುಂಡಿನ ಫಾರ್ಟಿಫೈವ್ ಸೆವೆಂಟಿ ಹಿಡಿದರೆ ಭುಜದ ಗತಿ ಏನು ಅನ್ನುತ್ತಿದ್ದರು. ಇವೆರಡರ ನಡುವಿನ ಫೋರ್ ಫಾರ್ಟಿಫೋರ್ ಹಿಡಿದರೆ, ಇದರ ಗುಂಡು ಊರ ತುಂಬ ಹುಡುಕಬೇಕು ಅಂತ ನಿಟ್ಟುಸಿರು ಬಿಡುತ್ತಿದ್ದರು. ಮತ್ತೆ ಥರ್ಟಿ ಥರ್ಟಿಗೆ ಬರುತ್ತಿದ್ದರು. ಈ ದೇಶದಲ್ಲಿ ಹುಲಿಯಿಲ್ಲ, ಕರಡಿಯಿಲ್ಲ, ಒಂದು ಹಾವು ಕೂಡ ಇಲ್ಲ. ಇವರು ಮಾತ್ರ ಆನೆ ಎದುರಿಗೆ ಬಂದು ನಿಂತ ಹಾಗೆ ಚಿಂತೆ ಮಾಡುತ್ತಿದ್ದರು. ನನಗಿಂತ ಮೊದಲು ಕೆಲಸಕ್ಕಿದ್ದವರೆಲ್ಲ ಇವರ ಕೈಯಲ್ಲಿ ಸೋತು ಹೋಗಿದ್ದರಂತೆ. ಕಡೆಗೆ ಮಾಲೀಕರು ತಮಾಷೆಯೋ ನಿಜವೋ ತಿಳಿಯದ ದನಿಯಲ್ಲಿ ಹೇಳಿದರು: "ಇವರು ಒಂದನ್ನು ಆರಿಸುವಂತೆ ಮಾಡು, ಅದೇ ನಿನ್ನ ಟ್ರಯಲ್."

ಅಂದಿನಿಂದ ನಾನು ಅವರ ಬೆನ್ನು ಬಿಡಲಿಲ್ಲ. ಒಂದು ಶನಿವಾರ ಅವರು ನನ್ನನ್ನೇ ಕೇಳಿದರು, ನೀನು ಯಾವುದು ಉಪಯೋಗಿಸುತ್ತೀ ಅಂತ. ನಾನು ಬೇಟೆಯಾಡುವುದಿಲ್ಲ, ನಮ್ಮ ಮನೆತನದಲ್ಲಿ ಯಾರೂ ಮಾಂಸ ತಿಂದವರೇ ಅಲ್ಲ ಅಂದೆ. ಅವರಿಗೆ ಕಾಳಜಿಯಾಯಿತು. ಮತ್ತೆ ಬದುಕುವುದು ಹೇಗೆ ಅಂದರು. ಹೆಸರುಬೇಳೆ, ಜೋಳದ ರೊಟ್ಟಿ ಅಂತ ವಿವರಿಸಿದೆ. ಬೇಳೆಯ ಗಾತ್ರ ಬೆರಳಿನಿಂದ ತೋರಿಸು ಅಂದರು. ತೋರಿಸಿದೆ. ಅದನ್ನು ಬಹಳ ಹೊತ್ತು ನೋಡಿ, ಗಂಭೀರವಾಗಿ, "ಅದಕ್ಕೆ ಥರ್ಟಿ ಥರ್ಟಿ ಸಾಕು" ಅಂದರು.

ನೋಡಿ, ಬೇಳೆಗೆ ಕ್ಯಾಲಿಬರ್ ಆರಿಸಲು ಅವರಿಗೆ ಐದು ನಿಮಿಷವೂ ಬೇಕಾಗಲಿಲ್ಲ.

೩. ಉಪ್ಪಿಟ್ಟು ತಿಂದು ಹೋಗುವ ವರ

ಸೆಪ್ಟೆಂಬರಿನಲ್ಲಿ ಧಾರವಾಡದಿಂದ ನಮ್ಮತ್ತೆ ಬಂದರು. ದಿನಾ ಲಿಂಗಪೂಜೆ ಮಾಡದೆ ನೀರು ಮುಟ್ಟದವರು. ಸೊಸೆ ಬಂದೂಕು ಮಾರುತ್ತಾಳೆ ಅಂತ ಹೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಕಬ್ಬಿಣದ ಸಾಮಾನಿನ ಅಂಗಡಿ ಅಂತ ನನ್ನ ಗಂಡ ಹೇಳಿಬಿಟ್ಟರು.

ಒಂದು ಶನಿವಾರ ನಾನು ಬುತ್ತಿ ಮರೆತು ಹೋಗಿದ್ದೆ. ಅತ್ತೆ ಮಗನನ್ನು ಹೊರಡಿಸಿಕೊಂಡು ರೊಟ್ಟಿ, ಝುಣಕ ಕಟ್ಟಿಕೊಂಡು ಅಂಗಡಿಗೇ ಬಂದರು. ಬಾಗಿಲಲ್ಲಿ ನಿಂತು ಗೋಡೆಯ ಮೇಲಿನ ಜಿಂಕೆಯ ತಲೆ ನೋಡಿದರು, ಕೆಳಗಿನ ಬಂದೂಕಿನ ಸಾಲು ನೋಡಿದರು. ಹಿಂದೆ ನಿಂತಿದ್ದ ನನ್ನ ಗಂಡ ಮೀನಿನ ಗಾಳಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಅತ್ತೆ ಹತ್ತಿರ ಬಂದು ಒಂದು ನಳಿಗೆಯ ಮೇಲೆ ಬೆರಳಾಡಿಸಿ ಬೆರಳನ್ನು ನನ್ನ ಮುಂದೆ ಹಿಡಿದರು.

"ಎಷ್ಟು ಧೂಳ ಕುಂತದ ನೋಡು. ನಮ್ಮಪ್ಪನ ಮನ್ಯಾಗ ಒಂದ ಬಂದೂಕ ಇತ್ತು, ಖಂಡೆ ಪೂಜಿ ದಿನ ಅಷ್ಟ ಹೊರಗ ಬರತಿತ್ತು. ಆದರ ಕನ್ನಡಿ ಹಂಗ ಹೊಳಿತಿತ್ತು. ಇವಕ್ಕ ಯಾರೂ ಪೂಜಿ ಮಾಡೂದಿಲ್ಲೇನು?"

ಇಲ್ಲ ಅಂದೆ. ಅತ್ತೆಗೆ ಜಿಂಕೆಯ ತಲೆಗಿಂತ ಇದೇ ಹೆಚ್ಚು ಸಂಕಟವಾಯಿತು. ಅಷ್ಟರಲ್ಲಿ ಬೆಳಿಗ್ಗೆಯಿಂದ ಅಲ್ಲೇ ಇದ್ದ ಕ್ಯಾಲಿಬರ್ ಅಂಕಲ್ ತಮ್ಮ ಮೂರೂ ಬಂದೂಕನ್ನು ಒಂದೊಂದಾಗಿ ತರಿಸಿ, ಭುಜಕ್ಕೇರಿಸಿ, ತಲೆಯಲ್ಲಾಡಿಸಿ, ನಾವು ಕೊಟ್ಟ ಕಾಫಿ ಬಿಸ್ಕೀಟು ಮುಗಿಸಿ, ಮುಂದಿನ ವಾರ ಬರುತ್ತೇನೆ ಅಂತ ಹೊರಟರು. ಅವರ ಕಥೆಯನ್ನು, ನನ್ನ ಟ್ರಯಲ್ಲಿನ ಕಥೆಯನ್ನು ಅತ್ತೆಗೆ ಹೇಳಿದೆ.

"ಗೊತ್ತಾತ ಬಿಡು. ಮನಿಮನಿಗಿ ಕನ್ಯಾ ನೋಡಾಕ ಹೋಗಿ ಉಪ್ಪಿಟ್ಟು ತಿಂದ ಬರು ಜಾತಿ ಇದು" ಅಂದರು ಅತ್ತೆ. "ಇಂಥವರಿಗಿ ಮನಷ್ಯಾರು ಹೇಳಿದ್ರ ನಡ್ಯೂದಿಲ್ಲ. ದೇವರ ಹೇಳಬೇಕು."

ಅವರ ಮಗ ಕೂಡ ಹೀಗೆಯೇ ಊರೆಲ್ಲ ಉಪ್ಪಿಟ್ಟು ತಿಂದು ಕಡೆಗೆ ನಮ್ಮ ಮನೆಗೆ ಬಂದದ್ದು. ನನ್ನ ಗಂಡ ಆಗಲೂ ಗಾಳಗಳನ್ನೇ ನೋಡುತ್ತಿದ್ದರು.

೪. ಖಂಡೆ ಪೂಜೆ

ಆ ವರ್ಷ ಅಕ್ಟೋಬರಿನಲ್ಲಿ ದಸರೆಯ ಖಂಡೆ ಪೂಜೆಯೂ ಶನಿವಾರವೇ ಬಂತು. ನಮ್ಮ ಕಡೆ ಆ ದಿನ ಆಯುಧ, ಯಂತ್ರ, ವಾಹನ ಎಲ್ಲಕ್ಕೂ ಪೂಜೆ ಅಂತ ಮಾಲೀಕರಿಗೆ ವಿವರಿಸಿದೆ. ನಿಮ್ಮತ್ತೆ ಬಂದೂಕನ್ನೆಲ್ಲ ಪುಕ್ಕಟೆ ಒರೆಸಿಕೊಡುತ್ತಾರೆಯೇ ಅಂದರು. ಹೌದು ಅಂದೆ. ಹಾಗಾದರೆ ಧರ್ಮದ ವಿಷಯದಲ್ಲಿ ನಾನು ಅಡ್ಡ ಬರುವುದಿಲ್ಲ ಅಂದರು.

ಅತ್ತೆ ಬೆಳಿಗ್ಗೆಯೇ ಬಂದು ಎಲ್ಲವನ್ನೂ ಒರೆಸಿ, ಪ್ರತಿಯೊಂದಕ್ಕೂ ವಿಭೂತಿ, ಕುಂಕುಮ ಹಚ್ಚಿದರು. ಆಮೇಲೆ ದೃಷ್ಟಿ ತೆಗೆಯಲು ದೊಡ್ಡದೊಂದು ಕುಂಬಳಕಾಯಿಗೆ ಕುಂಕುಮ ತುಂಬಿ, ಅಂಗಡಿಗೆ ಇಳಿಸಿ, ಬಾಗಿಲ ಮುಂದಿನ ಫುಟ್‌ಪಾತಿನ ಮೇಲೆ ಅಪ್ಪಳಿಸಿದರು. ಕುಂಕುಮದ ನೀರು ರಸ್ತೆಯವರೆಗೆ ಹರಿಯಿತು.

ಬಂದೂಕಿನ ಅಂಗಡಿಯ ಮುಂದೆ ಕೆಂಪು ಮಡು ಕಂಡವರು ಏನು ಮಾಡಬೇಕೋ ಅದನ್ನೇ ಮಾಡಿದರು. ನಾವು ಊದಿನಕಡ್ಡಿ ಹಚ್ಚುವಷ್ಟರಲ್ಲಿ ಎರಡು ಪೊಲೀಸ್ ಕಾರು ಬಂದು ನಿಂತವು. ಕಾರಿನ ಹಿಂದೆ ಬಗ್ಗಿ ಕೂತವರೊಬ್ಬರು, ಒಳಗಿರುವವರು ಕೈ ಕಾಣುವಂತೆ ಹೊರಗೆ ಬನ್ನಿ ಅಂತ ಕೂಗಿದರು. ಮಾಲೀಕರು ಹೋದರು, ಎರಡೂ ಕೈ ಎತ್ತಿ, ಹಣೆಯ ತುಂಬ ಕುಂಕುಮ ಇಟ್ಟುಕೊಂಡು. ಅವರ ಹಣೆ ನೋಡಿ ಪೊಲೀಸರಿಗೆ ಗಾಬರಿ ಇನ್ನೂ ಹೆಚ್ಚಾಯಿತು. ಅಲ್ಲಿಗೆ ನನ್ನ ಕೆಲಸ ಹೋಯಿತು ಅಂತ ನಾನು ಗಟ್ಟಿಮಾಡಿಕೊಂಡೆ. ಅಳು ಬಂದೇ ಬಿಟ್ಟಿತು.

ಅತ್ತೆ ಮಾತ್ರ ಆರತಿಯ ತಟ್ಟೆ ಹಿಡಿದು ಕುಂಬಳಕಾಯಿ ದಾಟಿಕೊಂಡು ಹೊರಗೆ ನಡೆದರು. ಪೊಲೀಸರನ್ನು ನೋಡಲಿಲ್ಲ, ಅವರ ಕಾರು ನೋಡಿದರು. ಹಬ್ಬದ ದಿನ ವಾಹನವೊಂದು ಬರಿಹಣೆಯಲ್ಲಿ ನಿಂತಿರುವುದನ್ನು ಅವರಿಂದ ಸಹಿಸಲಾಗಲಿಲ್ಲ. ಎರಡೂ ಕಾರಿನ ಬಾನೆಟ್ಟಿಗೆ ಕುಂಕುಮವಿಟ್ಟು, ಹೂ ಏರಿಸಿ, ಗಾಲಿಗಳ ಕೆಳಗೆ ಒಂದೊಂದು ನಿಂಬೆಹಣ್ಣು ಇಟ್ಟರು. ನಾನು ಓಡಿಹೋಗಿ ಎಲ್ಲ ವಿವರಿಸಿದೆ. ಹಿರಿಯ ಅಧಿಕಾರಿ ಬೆರಳಿನಿಂದ ಕೆಂಪು ನೀರು ಮುಟ್ಟಿ, ಮೂಸಿ, ತರಕಾರಿ ಅಂತ ವೈರ್‌ಲೆಸ್ಸಿನಲ್ಲಿ ವರದಿ ಮಾಡಿದರು. ಅತ್ತೆ ಹೇಳಿದಂತೆ ನಿಂಬೆಹಣ್ಣಿನ ಮೇಲೆ ಕಾರು ಹಾಯಿಸಿಕೊಂಡೇ ಹೋದರು, ಕೈಯಲ್ಲಿ ಕೊಬ್ಬರಿ ಸಕ್ಕರೆ ಹಿಡಿದುಕೊಂಡು.

ಕ್ಯಾಲಿಬರ್ ಅಂಕಲ್ ತಮ್ಮ ಯೂಟಿನಲ್ಲಿ ಕೂತು ಇದನ್ನೆಲ್ಲ ನೋಡಿದ್ದರು. ಅತ್ತೆ ಅವರನ್ನು ಒಳಗೆ ಕರೆಸಿದರು. ಮಾಲೀಕರ ಕೈಯಿಂದ ಆ ಮೂರೂ ಬಂದೂಕನ್ನು ಸಾಲಾಗಿ ಇಡಿಸಿ, ಒದ್ದೆ ಮಾಡಿದ ಸೇವಂತಿಗೆಯ ಎಸಳನ್ನು ಒಂದೊಂದರ ಎಡಕ್ಕೂ ಬಲಕ್ಕೂ ಅಂಟಿಸಿದರು. ನಮ್ಮ ಕಡೆ ದೇವರಿಗೆ ಹೂ ಏರಿಸಿ ಹೀಗೆಯೇ ಕೇಳುವುದು. ಬಲಗಡೆಯ ಹೂ ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಬೇಡ. ಅತ್ತೆ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತ ಬಹಳ ಹೊತ್ತು ಏನೋ ಬೇಡಿಕೊಂಡರು. ಅಂಕಲ್ ಟೋಪಿ ತೆಗೆದರು.

ಫಾರ್ಟಿಫೈವ್ ಸೆವೆಂಟಿಯ ಬಲಗಡೆಯ ಎಸಳು ಮೆಲ್ಲಗೆ ಜಾರಿ ಕೌಂಟರಿನ ಮೇಲೆ ಬಿತ್ತು. ಹೊರಗೆ ಲಾರಿ ಹಾಯ್ದು ನೆಲ ಅದುರಿತು ಅಂತ ನನ್ನ ಗಂಡ ಇವತ್ತಿಗೂ ವಾದ ಮಾಡುತ್ತಾರೆ.

"ಅದೇ" ಅಂದರು ಅಂಕಲ್. ಅಷ್ಟೇ. ಎಷ್ಟೋ ವರ್ಷಗಳ ಚರ್ಚೆ ಅಲ್ಲಿಗೆ ಮುಗಿಯಿತು.

ಮಾಲೀಕರು ಅವತ್ತೇ ನನ್ನ ಕೈ ಕುಲುಕಿ ಕೆಲಸ ಖಾಯಂ ಅಂದರು. ಆಮೇಲೆ ಮೆಲ್ಲಗೆ ಪಕ್ಕಕ್ಕೆ ಕರೆದು, ಮಾರಾಟವಾಗದೆ ಉಳಿದ ಟೆಂಟುಗಳಿಗೂ ಈ ಹೂವಿನ ಪದ್ಧತಿ ನಡೆಯುತ್ತದೆಯೇ ಅಂತ ಕೇಳಿದರು.

೫. ಅತ್ತೆಯ ಬೇಡಿಕೆ

ಏಪ್ರಿಲ್‌ನಲ್ಲಿ ಇಲ್ಲಿ ಗಂಡು ಜಿಂಕೆಗಳು ಕೂಗುವ ಕಾಲ. ಬೇಟೆಗಾರರಿಗೆ ಅದೇ ದೊಡ್ಡ ಹಬ್ಬ. ಅದು ಮುಗಿದ ಶನಿವಾರ ಮಧ್ಯಾಹ್ನ ಅಂಕಲ್ ಬಂದೂಕು ಹೊತ್ತುಕೊಂಡು ಬಂದು ಕೌಂಟರಿನ ಮೇಲಿಟ್ಟರು. ಇದನ್ನು ವಾಪಸ್ ತಗೊಳ್ಳಿ ಅಂದರು. ಮಾಲೀಕರು ಬಂದೂಕು ಬಿಟ್ಟು ನನ್ನನ್ನು ನೋಡಿದರು. ನನಗೆ ವಾಷಿಂಗ್ ಮಷೀನಿನ ಸದ್ದು ಕೇಳಿಸಿತು.

ಏನು ದೋಷ ಅಂತ ಕೇಳಿದೆ. ದೋಷವೇನೂ ಇಲ್ಲ ಅಂದರು. ಗುರಿ ಅಭ್ಯಾಸದ ಮೈದಾನದಲ್ಲಿ ಹೊಡೆದ ಗುಂಡೆಲ್ಲ ನಡುಮಧ್ಯಕ್ಕೇ ಹೋಗುತ್ತದೆಯಂತೆ, ಒಂದು ಕಪ್ಪೂ ಗೆದ್ದರಂತೆ. ಕಾಡಿಗೆ ಹೋದರೆ ಮಾತ್ರ ಬೇರೆ ಕಥೆ. ಕೋಣದಷ್ಟು ದೊಡ್ಡ ಜಿಂಕೆ ಎದುರಿಗೆ ನಿಂತಿತ್ತಂತೆ. ಇವರು ಹೊಡೆದದ್ದು ಪಕ್ಕದ ಮರಕ್ಕೆ. ಮರುದಿನ ಹಂದಿ. ಗುಂಡು ಕೆಸರಿಗೆ. ಹಂದಿ ಓಡಲೂ ಇಲ್ಲವಂತೆ, ನಿಂತು ಇವರನ್ನೇ ನೋಡಿತಂತೆ.

"ಕ್ಯಾಲಿಬರ್ ಸರಿಯಾಗಿದೆ" ಅಂದರು ಅಂಕಲ್. "ಆದರೆ ನಿಮ್ಮತ್ತೆ ನನ್ನ ಬಂದೂಕನ್ನು ಸಸ್ಯಾಹಾರಿ ಮಾಡಿದ್ದಾರೆ. ಅವತ್ತು ಏನು ಬೇಡಿಕೊಂಡರು, ಕೇಳು."

ಅತ್ತೆ ಆಗಲೇ ಧಾರವಾಡಕ್ಕೆ ಮರಳಿದ್ದರು. ಲ್ಯಾಪ್‌ಟಾಪಿನಲ್ಲಿ ವಿಡಿಯೋ ಕಾಲ್ ಹಚ್ಚಿದೆ. ಅಲ್ಲಿ ಬೆಳಗಿನ ಹೊತ್ತು, ಅತ್ತೆ ಪೂಜೆ ಮುಗಿಸಿ ಕೂತಿದ್ದರು. ಅಂಕಲ್ ಮತ್ತೆ ಟೋಪಿ ತೆಗೆದರು. ನಾನು ಪ್ರಶ್ನೆ ಕೇಳಿದೆ.

"ಏನ ಬೇಡಕೊಳ್ಳಲಿ? ನನ್ನ ಸೊಸಿ ಮನ್ಯಾಗ ಒಬ್ಬಾಕಿನ ಕುಂತು ಒಣಗಿ ಹೋಗ್ಯಾಳ, ಆಕಿ ಕೆಲಸ ಉಳಿಸಪಾ ಅಂದ್ನಿ. ಆದರ ಆಕಿ ಮಾರಿದ್ರಿಂದ ಒಂದ ಇರುವಿನೂ ಸಾಯಬಾರದು, ಅದನ್ನೂ ನೀನ ನೋಡಕೋ ಅಂದ್ನಿ. ಎರಡಕ್ಕೂ ಕೂಡೇ ಹೂ ಕೊಟ್ಟ."

ನಾನು ಒಬ್ಬಳೇ ಕೂತು ಒಣಗಿದ್ದನ್ನು ಅತ್ತೆ ಧಾರವಾಡದಿಂದಲೇ ಕಂಡಿದ್ದರು. ಕಣ್ಣೊರೆಸಿಕೊಂಡು ಇದ್ದದ್ದನ್ನು ಇದ್ದಂತೆ ಇಂಗ್ಲಿಷಿನಲ್ಲಿ ಹೇಳಿದೆ. ಅಂಕಲ್ ಬಂದೂಕನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು. ದೇವರು ಒಪ್ಪಿದ್ದನ್ನು ವಾಪಸ್ ಕೊಡಲು ಅವರಿಗೂ ಧೈರ್ಯವಾಗಲಿಲ್ಲ. ಅವರ ಕಣ್ಣು ಅತ್ತ ಇತ್ತ ಹೊರಳಿ ಗೋಡೆಯ ಮೇಲಿನ ಗಾಳಗಳ ಮೇಲೆ ನಿಂತಿತು.

"ಮೀನಿನ ವಿಷಯ ಏನಾದರೂ ಹೇಳಿದ್ದರಾ, ಕೇಳು" ಅಂದರು.

ಕೇಳಿದೆ. ಅತ್ತೆ ಹಣೆ ಬಡಿದುಕೊಂಡರು.

"ಅಯ್ಯ, ಮೀನ ಹೇಳೂದ ಮರತ ಬಿಟ್ಟಿದ್ನೆಲ್ಲ. ಚೊಲೋ ಆತು ನೆನಪ ಮಾಡಿದ್ರಿ. ನಾಡಿದ್ದ ಸೋಮವಾರ ಐತಿ, ಗುಡಿಗಿ ಹೋಗಿ ಅದನ್ನೂ ಹೇಳಿ ಬರತೀನಿ."

ಇದನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಮಾಲೀಕರು ಒಳಗೆ ಹೋಗಿ ದೊಡ್ಡ ರಟ್ಟು, ಕೆಂಪು ಪೆನ್ನು ತಂದರು. ಗಾಳಗಳೆಲ್ಲ ಅರ್ಧ ಬೆಲೆಗೆ, ಸೋಮವಾರದೊಳಗೆ ಖಾಲಿಯಾಗಬೇಕು ಅಂತ ಬರೆದು ಬಾಗಿಲಿಗೆ ನೇತುಹಾಕಿದರು. ಮೊದಲ ಗಾಳ ಅಂಕಲ್ ಕೊಂಡರು, ಯಾವುದು ಅಂತ ನೋಡದೆ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು, ಭಾನುವಾರ ಒಂದೇ ದಿನ ಉಳಿದಿದೆ ಅನ್ನುತ್ತ ಯೂಟಿನ ಕಡೆ ಓಡಿದರು.