ಮಾವನವರ ಮಡ್‌ಗಾರ್ಡು

ಮಾವನವರು ನನಗೆ ಮಗಳನ್ನು ಕೊಡುವಾಗ ಹೇಳದಷ್ಟು ಎಚ್ಚರಿಕೆಯ ಮಾತುಗಳನ್ನು ಕಾರು ಕೊಡುವಾಗ ಹೇಳಿದರು. ಅರವತ್ತೆರಡನೇ ಇಸವಿ. ಅವರು ಅತ್ತೆಯವರೊಂದಿಗೆ ತಿರುಪತಿಗೆ ಹೊರಟಿದ್ದರು. ಬಸವನಗುಡಿಯ ಅವರ ಮನೆಯಲ್ಲಿ ಷೆಡ್ಡು ಸೋರುತ್ತಿದ್ದುದರಿಂದ ಕಪ್ಪು ಮಾರಿಸ್ ಕಾರು ಜಯನಗರದ ನಮ್ಮ ಅಂಗಳಕ್ಕೆ ಬಂತು. "ದಿನಾ ಒಂದ್ಸಲ ಸ್ಟಾರ್ಟ್ ಮಾಡಿ ಸಾಕು, ಅಳಿಯಂದ್ರೇ. ಓಡಿಸ್ಬೇಡಿ."

ಓಡಿಸಿದೆ. (ಓಡಿಸದಿದ್ದರೆ ಅದು ಕಾರೋ, ಬೀರುವೋ?) ಕತ್ರಿಗುಪ್ಪೆಯವರೆಗೆ ಮಹಾರಾಜನಂತೆ ಹೋಗಿ ಬಂದು, ಕೊನೆಗೆ ಹಿಂದಕ್ಕೆ ತೆಗೆಯುವಾಗ ನಮ್ಮದೇ ಗೇಟಿನ ಕಲ್ಲುಕಂಬಕ್ಕೆ ಗುದ್ದಿದೆ. ಬಲಗಡೆಯ ಹಿಂದಿನ ಮಡ್‌ಗಾರ್ಡಿನಲ್ಲಿ ಅರ್ಧ ಸೇರು ಅಕ್ಕಿ ಹಿಡಿಯುವಷ್ಟು ಹಳ್ಳ ಬಿತ್ತು.

ತಿಲಕ್ ನಗರದ ಗ್ಯಾರೇಜಿನ ಬೋರಣ್ಣ ಅದರ ಮೇಲೆ ವೈದ್ಯನಂತೆ ಕೈಯಾಡಿಸಿದ. "ಎಂಬತ್ತು ರೂಪಾಯಿ ಆಯ್ತದೆ ಸಾರ್. ನಾಲ್ಕು ದಿನ ಬಿಡ್ಬೇಕು."

ಎಂಬತ್ತು ರೂಪಾಯಿ ಹೇಗೋ ಹೊಂದಿಸಬಹುದಿತ್ತು. ನಾಲ್ಕು ದಿನ ಎಲ್ಲಿಂದ ತರಲಿ? ಮಾವನವರು ಮರುದಿನ ಸಂಜೆಯೇ ಬರುವವರಿದ್ದರು.

"ತಗಡು ಒಳಗೆ ಹೋಗಿದೆ. ಒಳಗಿಂದ ಹೊಡೆದ್ರೆ ಹೊರಗೆ ಬರುತ್ತೆ. ಇದಕ್ಕೆ ಗ್ಯಾರೇಜ್ ಯಾಕೆ?" ಎಂದು ಹೆಂಡತಿ ಚೂಡಾಮಣಿಗೆ ಘೋಷಿಸಿ, ಬೆಳಿಗ್ಗೆಯೇ ಚಕ್ರ ಬಿಚ್ಚಿ, ಸುತ್ತಿಗೆ ಹಿಡಿದು ಮಡ್‌ಗಾರ್ಡಿನ ಕೆಳಗೆ ಪವಡಿಸಿದೆ.

"ಮೆಲ್ಲಗೆ ರೀ."

"ಇದೇನು ಹಪ್ಪಳ ಅಲ್ಲ ಕಣೇ, ಮೆಲ್ಲಗೆ ತಟ್ಟೋಕೆ."

ಮೂರು ಪೆಟ್ಟು ಕೊಟ್ಟು ಹೊರಬಂದು ನೋಡಿದೆ. ಹಳ್ಳ ಮಾಯವಾಗಿತ್ತು. ಅದರ ಜಾಗದಲ್ಲಿ ಒಂದು ಗುಡ್ಡ ಎದ್ದಿತ್ತು.

"ಪರವಾಗಿಲ್ಲ, ಇನ್ಮೇಲೆ ಮಳೆ ನೀರು ನಿಲ್ಲಲ್ಲ," ಎಂದಳು ಚೂಡಾಮಣಿ.

ನಾನು ಮೆಟ್ಟಿಲ ಮೇಲೆ ತಲೆ ಹಿಡಿದು ಕುಳಿತೆ. ಅವಳು ಒಳಗೆ ಹೋಗಿ, ಉಪ್ಪಿನಕಾಯಿ ಜಾಡಿಯಲ್ಲಿ ಭಾರಕ್ಕಿಡುವ ನುಣುಪಾದ ಗುಂಡುಕಲ್ಲನ್ನು ತೊಳೆದು ತಂದಳು. ಇನ್ನೊಂದು ಕೈಯಲ್ಲಿ ಹಳೇ ಬಟ್ಟೆ ಸುತ್ತಿದ ಮರದ ಕೊಡತಿ.

"ನಮ್ಮನೆಗೆ ವರ್ಷಾ ವರ್ಷಾ ಒಬ್ಬ ಕಂಚುಗಾರ ಬಂದು ತಾಮ್ರದ ಹಂಡೆ ನೆಗ್ಗು ತೆಗೀತಿದ್ದ. ನಾನು ಪಕ್ಕದಲ್ಲೇ ಕೂತಿರ್ತಿದ್ದೆ. ಅವನು ಎಂದೂ ನಡುವೆ ಹೊಡೀತಿರ್ಲಿಲ್ಲ, ಅಂಚಿಂದ ಸುತ್ತಿ ಬರ್ತಿದ್ದ. ನೀವು ಒಳಗಿಂದ ಈ ಕಲ್ಲು ಒತ್ತಿ ಹಿಡ್ಕೊಳ್ಳಿ, ಸಾಕು."

ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳು ಶುರುಮಾಡಿದಳು. ಟಕ್, ಟಕ್, ಟಕ್. ನನ್ನ ದಾಂಪತ್ಯದಲ್ಲಿ ಮೊದಲ ಬಾರಿಗೆ ಅವಳ ಪೆಟ್ಟಿಗೂ ನನಗೂ ನಡುವೆ ಒಂದು ತಗಡಿತ್ತು. ಎರಡು ಗಂಟೆ ಹೊತ್ತಿಗೆ ಗುಡ್ಡ ಕರಗಿ ಬಯಲಾಯಿತು. ಚಕ್ರ ಮತ್ತೆ ಜೋಡಿಸಿ, ಬಣ್ಣ ಕಿತ್ತ ಕಡೆ ನನ್ನ ಆಫೀಸಿನ ಬೂಟಿನ ಪಾಲಿಶ್ ತಿಕ್ಕಿದೆವು. ಮಡ್‌ಗಾರ್ಡಿನಲ್ಲಿ ನಮ್ಮಿಬ್ಬರ ಮುಖ ಕಂಡಿತು. ಚೂಡಾಮಣಿಯದು ನಗುತ್ತಿತ್ತು.

ಸಂಜೆ ಬಂದ ಮಾವನವರು ಕಾರನ್ನು ಒಂದು ಸುತ್ತು ಬಂದು, "ಈ ಬಲಗಡೆ ಏನು ಇಷ್ಟು ಮಿಂಚ್ತಿದೆ?" ಎಂದರು.

ಬುದ್ಧಿವಂತನಾದವನು ಒರೆಸಿದೆ ಎನ್ನುತ್ತಿದ್ದ. ಗೆದ್ದವನ ಬಾಯಿ ಸುಮ್ಮನಿರುವುದಿಲ್ಲ. "ನೆಗ್ಗಿತ್ತು ಮಾವ. ನಾನೇ ತೆಗೆದೆ," ಎಂದುಬಿಟ್ಟೆ. ಹಿಂದಿನಿಂದ ಚೂಡಾಮಣಿ ಕೆಮ್ಮಿದಳು.

ಬೈಗುಳಕ್ಕೆ ತಲೆ ತಗ್ಗಿಸಿದೆ. ಮಾವನವರು ಬಯ್ಯಲಿಲ್ಲ. ಅತ್ತೆಯವರು ಒಳಗೆ ಹೋದದ್ದನ್ನು ಖಚಿತಪಡಿಸಿಕೊಂಡು, ನನ್ನನ್ನು ಎಡಗಡೆಗೆ ಕರೆದೊಯ್ದು, ಮುಂದಿನ ಮಡ್‌ಗಾರ್ಡಿನ ಒಣಕೆಸರನ್ನು ಉಗುರಿನಿಂದ ಕೆರೆದರು. ಕೆಳಗೆ ನನ್ನದಕ್ಕಿಂತ ದೊಡ್ಡ ಹಳ್ಳವಿತ್ತು.

"ಹೋದ ತಿಂಗಳು, ಕೋಣನಕುಂಟೆ ಹತ್ರ, ಎತ್ತಿನ ಗಾಡಿ," ಎಂದು ಪಿಸುಗುಟ್ಟಿದರು. "ನಿಮ್ಮತ್ತೆಗೆ ಗೊತ್ತಿಲ್ಲ. ಅವಳು ಕಾಫಿ ಮಾಡೋದ್ರೊಳಗೆ ಇದನ್ನೂ ತೆಗೆದ್ಬಿಡಿ."

ಬೇರೆ ದಾರಿಯಿರಲಿಲ್ಲ. ಕೊಡತಿ ಎತ್ತಿ, ನಡುವಿಗೇ ಗುರಿಯಿಟ್ಟು, ಒಂದು ಪೆಟ್ಟು ಹಾಕಿದೆ. ಹಳ್ಳ ಇನ್ನೊಂದು ಅಂಗುಲ ಆಳವಾಯಿತು.

ಮಾವನವರು ನನ್ನ ಕೈಯಿಂದ ಕೊಡತಿ ಬಿಡಿಸಿಕೊಂಡು ನೇರವಾಗಿ ಮಗಳ ಕೈಗೆ ಕೊಟ್ಟರು.

"ಅಳಿಯಂದ್ರೇ," ಎಂದರು ಬಹಳ ಮರ್ಯಾದೆಯಿಂದ, "ನೀವು ನಿಮ್ಮ ಜಾಗಕ್ಕೆ ಹೋಗಿ."

ನಾನು ಕಲ್ಲು ತೆಗೆದುಕೊಂಡು ಕಾರಿನ ಕೆಳಗೆ ತೂರಿದೆ.