ಎರಡೂರಿನ ಬೆಂಚು

ಬೆಂಚಿನ ಒಂದು ಕಾಲು ಅಲ್ಲಾಡಿದ್ದೇ ಎಲ್ಲದಕ್ಕೂ ಕಾರಣ. ಅಲ್ಲಾಡಿದ್ದೂ ಹೆಚ್ಚೇನಲ್ಲ, ಅರ್ಧ ಬೆರಳಿನಷ್ಟು. ಆದರೆ ಆ ಮಂಗಳವಾರ ಬೆಳಿಗ್ಗೆ ಆಶಿಲ್ ಬೇಕರಿಯಿಂದ ಬಂದು ಅದರ ಮೇಲೆ ಕೂತದ್ದೇ ತಡ, ಹಾಲು ಕರೆಯಲು ಬಿಡದ ಆಡಿನಂತೆ ಅದು ಪಕ್ಕಕ್ಕೆ ವಾಲಿತು. ಮಡಿಲಲ್ಲಿದ್ದ ಉದ್ದನೆಯ ಬ್ರೆಡ್ಡು ಜಾರಿ ಚರಂಡಿ ಸೇರಿತು.

ಆಶಿಲ್‌ಗೆ ಎಪ್ಪತ್ತೊಂದು ವರ್ಷ. ಅದರಲ್ಲಿ ಇಪ್ಪತ್ತೊಂಬತ್ತು ವರ್ಷ ನೆಲದಡಿಯ ಕಲ್ಲಿದ್ದಲು ಗಣಿಯಲ್ಲಿ ಕಳೆದಿದ್ದ. ಗಣಿ ಮುಚ್ಚಿ ಎಷ್ಟೋ ಕಾಲವಾದರೂ ಅದರ ಧೂಳು ಅವನ ಎದೆ ಬಿಟ್ಟಿರಲಿಲ್ಲ. ಮನೆಯಿಂದ ಬೇಕರಿಗೆ ಮುನ್ನೂರ ನಲವತ್ತು ಹೆಜ್ಜೆ. ನೂರ ಎಪ್ಪತ್ತನೆಯ ಹೆಜ್ಜೆಗೆ ಉಸಿರು ಮುಗಿಯುತ್ತಿತ್ತು. ಸರಿಯಾಗಿ ಅಲ್ಲಿಯೇ ಬೆಂಚು ಇತ್ತು. ಮನೆಗೆ ಬರುವ ನರ್ಸ್ ಹುಡುಗಿ, ಪಾಪ, ಎಷ್ಟೋ ಸಲ ಹೇಳಿದ್ದಳು: "ಯಾಕೆ ಒದ್ದಾಡ್ತೀರಿ? ಬ್ರೆಡ್ಡು ನಾನೇ ತಂದ್ಕೊಡ್ತೀನಿ." ಅವಳ ಮನಸ್ಸು ಒಳ್ಳೆಯದು. ಆದರೆ ಆ ಬೀದಿಯಲ್ಲಿ ಬ್ರೆಡ್ಡು ಮನೆಗೆ ತರಿಸಿಕೊಳ್ಳಲು ಶುರುಮಾಡಿದವರು ಆಮೇಲೆ ಹೊಸ್ತಿಲು ದಾಟಿದ್ದನ್ನು ಆಶಿಲ್ ಕಂಡಿರಲಿಲ್ಲ. ಬೆಂಚು ಇದ್ದರೆ ಬೇಕರಿ, ಬೇಕರಿ ಇದ್ದರೆ ಬೀದಿ, ಬೀದಿ ಇದ್ದರೆ ತಾನು. ಅವನ ಲೆಕ್ಕ ಇಷ್ಟೇ.

ಬಿದ್ದ ಬ್ರೆಡ್ಡನ್ನು ಕಿಟಕಿಯಿಂದ ನೋಡಿದ, ಬೆಂಚಿನ ಆಚೆ ಬೇಕರಿ ಕಡೆಯ ಮನೆಯ ಜೆರ್ಮೇನ್ ಹೊರಗೆ ಬಂದು ತನ್ನದರಲ್ಲಿ ಅರ್ಧ ಮುರಿದು ಕೊಟ್ಟಳು. "ತಗೋ. ನಂಗೊಬ್ಳಿಗೆ ಅಷ್ಟುದ್ದ ಯಾಕೆ? ಆ ಬೆಂಚಿನ ವಿಷಯ ಊರಾಫೀಸಿಗೆ ಹೋಗಿ ಹೇಳಬಾರ್ದಾ?"

"ಯಾವ ಊರಿಗೆ?" ಎಂದ ಆಶಿಲ್.

ಪ್ರಶ್ನೆ ಅದೇ ಆಗಿತ್ತು. ಗಣಿ ಕಂಪನಿಯವರು ಇಟ್ಟಿಗೆಯ ಸಾಲುಮನೆ ಕಟ್ಟುವಾಗ ಊರಿನ ಗಡಿ ನೋಡಿದವರಲ್ಲ. ಬೀದಿಯ ಅರ್ಧ ಓಬ್ರಿಕೂರ್‌ಗೆ ಸೇರಿದ್ದು, ಅರ್ಧ ವಾಂದ್ರೆಲ್‌ಗೆ. ಗಡಿ ಬೆಂಚಿನ ನಟ್ಟನಡುವೆ ಹಾದುಹೋಗುತ್ತಿತ್ತು. ಎರಡು ಕಾಲು ಈ ಊರಲ್ಲಿ, ಎರಡು ಕಾಲು ಆ ಊರಲ್ಲಿ.

ಬಸ್ಸು ಮನೆ ಮುಂದೆಯೇ ನಿಲ್ಲುತ್ತದೆ. ಆಶಿಲ್ ಮೊದಲು ತನ್ನ ಊರು ಓಬ್ರಿಕೂರ್‌ನ ಆಫೀಸಿಗೆ ಹೋದ. ಗುಮಾಸ್ತ ಮರ್ಯಾದೆಗೆ ಮೊಸ್ಯೊ ಎಂದು ಕರೆದು, ಕುರ್ಚಿ ಎಳೆದು ಕೂರಿಸಿ ಕಾಫಿ ಕೊಟ್ಟ. "ಅಲ್ಲಾಡೋ ಕಾಲು ಯಾವ್ದು ಮೊಸ್ಯೊ ಆಶಿಲ್? ಬೇಕರಿ ಕಡೇದಾ? ಹಾಗಾದ್ರೆ ಅದು ವಾಂದ್ರೆಲ್ ಕಾಲು. ನಮ್ಮವೆರಡೂ ನೆಟ್ಟಗಿವೆ," ಎಂದು ತನ್ನ ಮೊಣಕಾಲನ್ನೇ ತಟ್ಟಿಕೊಂಡ.

ವಾಂದ್ರೆಲ್‌ನ ಆಫೀಸಿನಲ್ಲೂ ಕುರ್ಚಿ ಕೊಟ್ಟರು, ಕಾಫಿ ಕೊಟ್ಟರು, ಜೊತೆಗೆ ಬಿಸ್ಕತ್ತನ್ನೂ ಕೊಟ್ಟರು. "ನಮ್ ಕಾಲು ಸರಿಯಾಗೇ ಇದೆ," ಎಂದಳು ಅಲ್ಲಿದ್ದ ಹೆಂಗಸು. "ಅವ್ರ ಕಾಲೇ ಉದ್ದ ಆಗಿರ್ಬೇಕು. ಓಬ್ರಿಕೂರ್‌ನವ್ರು ಯಾವಾಗ್ಲೂ ಹಾಗೇ, ಎಲ್ಲದ್ರಲ್ಲೂ ಒಂದು ಬೆರಳು ಜಾಸ್ತಿ. ನೀವು ಒಕ್ಕೂಟಕ್ಕೆ ಹೋಗಿ."

ಗಣಿಗಳು ಮುಚ್ಚಿದ ಮೇಲೆ ಹನ್ನೆರಡು ಊರುಗಳು ಸೇರಿ ಮಾಡಿಕೊಂಡದ್ದು ಒಕ್ಕೂಟ. ಒಬ್ಬೊಬ್ಬರಿಂದ ಆಗದ್ದನ್ನು ಎಲ್ಲರೂ ಸೇರಿ ಮಾಡುವುದು ಅದರ ಉದ್ದೇಶ. ಅದರ ಕಚೇರಿ ಇದ್ದದ್ದು ಹಳೆಯ ಗಣಿಯ ಬಟ್ಟೆ ಬದಲಿಸುವ ಹಜಾರದಲ್ಲಿ. ಬಟ್ಟೆಗಳನ್ನು ಸರಪಳಿಗೆ ಸಿಕ್ಕಿಸಿ ಚಾವಣಿಗೆ ಏರಿಸುತ್ತಿದ್ದ ಕೊಕ್ಕೆಗಳು ಇನ್ನೂ ಮೇಲೆ ನೇತಾಡುತ್ತಿದ್ದವು. ನದೇಜ್ ಎಂಬ ಅಧಿಕಾರಿ ಆಶಿಲ್‌ನ ಬಟ್ಟೆ ಆಗ ತೂಗುತ್ತಿದ್ದ ಇನ್ನೂರ ಹನ್ನೆರಡನೆಯ ಕೊಕ್ಕೆಯ ಕೆಳಗೇ ಕೂತಿದ್ದಳು. ಆಶಿಲ್ ಅದನ್ನು ಹೇಳಿದ್ದೇ ತಟ್ಟನೆ ಎದ್ದಳು.

"ಹಾಗಾದ್ರೆ ಇದು ನಿಮ್ ಜಾಗ, ಕೂತ್ಕೊಳ್ಳಿ," ಎಂದು ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟು, ಕಾಫಿ ತರಿಸಿದಳು. ಆಮೇಲೆ ನಿಂತುಕೊಂಡೇ ದಪ್ಪ ಪುಸ್ತಕ ತಿರುವಿದಳು. "ರಸ್ತೆ ನಮ್ದು. ಕಾಲುದಾರಿ ನಮ್ದು, ಅದರ ಅಂಚುಕಲ್ಲು ನಮ್ದು. ಕಸದ ಡಬ್ಬಿ, ಈಜುಕೊಳ ನಮ್ದು. ಬೆಂಚು..." ಅವಳ ಮುಖ ಸಪ್ಪಗಾಯಿತು. "ಬೆಂಚು ಆಯಾ ಊರಿಂದು."

"ಬೆಂಚು ನಿಂತಿರೋದು ನಿಮ್ ಕಾಲುದಾರಿ ಮೇಲೇ ಅಲ್ವೇನಮ್ಮ?"

"ನಿಂತಿರೋದು ನಮ್ ಮೇಲೇ. ಆದ್ರೆ ನಮ್ದಲ್ಲ."

ಆಶಿಲ್ ಕುರ್ಚಿಯಿಂದ ಏಳಲು ಹೊರಟ. ಅವನ ಉಸಿರು ಹಳೆಯ ತಿದಿಯಂತೆ ಸುಯ್ಯೆಂದಿತು. ಆ ಸದ್ದಿಗೇ ನದೇಜ್ ಫೋನ್ ಎತ್ತಿಕೊಂಡು ಮಾತಾಡಿ, ಆಶಿಲ್ ಕಡೆ ತಿರುಗಿದಳು. "ರಸ್ತೆ ವಿಭಾಗದ ಮೊಸ್ಯೊ ಗೀ ಅವ್ರು ಸಂಜೆ ಆ ಕಡೆ ಬರ್ತಾರಂತೆ. ಬಂದು ಒಂದ್ಸಲ ನೋಡ್ತಾರೆ. ಅವರ ಕಾರಲ್ಲೇ ಮನೆಗೆ ಬಿಡ್ತಾರೆ, ಬಸ್ಸಿಗೆ ಕಾಯ್ಬೇಡಿ."

ಒಂದೇ ದಿನದಲ್ಲಿ ಮೂರು ಕುರ್ಚಿ, ಮೂರು ಕಾಫಿ. ಎಲ್ಲರೂ ಕೂರಿಸಿದರು, ಬೆಂಚಿನ ಕಾಲು ಮಾತ್ರ ಯಾರ ಕೈಗೂ ಬರಲಿಲ್ಲ ಎಂದುಕೊಂಡ ಆಶಿಲ್.

ಆದರೆ ಬೀದಿಯಲ್ಲಿ ಬೇರೆಯೇ ಕೆಲಸ ನಡೆದಿತ್ತು. ಬೆಂಚಿನ ಈಚೆ, ಓಬ್ರಿಕೂರ್ ಕಡೆ, ಬೊಲೆಕ್‌ನ ಮನೆ. ಅವನ ತಾತ ಪೋಲೆಂಡಿನಿಂದ ಗಣಿಗೆ ಬಂದವನು. ಬೊಲೆಕ್ ಮೂವತ್ತು ವರ್ಷ ಗಣಿಯ ಸುರಂಗ ಕುಸಿಯದಂತೆ ಮರದ ಆನಿಕೆ ಕೊಟ್ಟವನು. ಆನಿಕೆ ಕೊಡುವವರು ಅಳತೆಪಟ್ಟಿ ಮುಟ್ಟುವವರಲ್ಲ. ಕಣ್ಣಳತೆಯೇ ಅವರ ಮರ್ಯಾದೆ. ಆಶಿಲ್ ಊರೂರು ಅಲೆಯುವುದನ್ನು ನೋಡಲಾರದೆ ಅವನು ಗರಗಸ ತಂದು, ಒಂದು ಕಣ್ಣು ಮುಚ್ಚಿ, ತನ್ನ ಊರಿನ ಎರಡು ಕಾಲುಗಳನ್ನು ಮೊಟಕು ಮಾಡಿದ. ಆಚೆ ಊರಿನ ಕಾಲು ಮುಟ್ಟಲಿಲ್ಲ. ಅಷ್ಟು ಸಂಕೋಚ ಅವನಿಗಿತ್ತು.

ಅವನು ಊಟಕ್ಕೆ ಒಳಗೆ ಹೋದಾಗ ಜೆರ್ಮೇನ್ ಬಂದು ಬೆಂಚನ್ನು ಅಲ್ಲಾಡಿಸಿದಳು. ಈಗ ಅದು ಓಬ್ರಿಕೂರ್ ಕಡೆಗೆ ವಾಲುತ್ತಿತ್ತು. ಅವಳ ಗಂಡನೂ ಆನಿಕೆಯವನೇ; ಅವನು ತೀರಿಹೋದ ಮೇಲೆ ಗರಗಸ ಅವಳಲ್ಲೇ ಉಳಿದಿತ್ತು, ಕಣ್ಣಳತೆಯ ಜಂಬವೂ ಉಳಿದಿತ್ತು. ವಾಂದ್ರೆಲ್‌ನ ಎರಡು ಕಾಲುಗಳನ್ನು ಅವಳು ಕೊಯ್ದು ಸರಿಮಾಡಿದಳು. ಮೂರು ಗಂಟೆಗೆ ಬೊಲೆಕ್ ಬಂದು ತನ್ನ ಕಡೆ ಮತ್ತಷ್ಟು ಕೊಯ್ದ. ಮೂರೂವರೆಗೆ ಜೆರ್ಮೇನ್. ಆಮೇಲೆ ಇಬ್ಬರೂ ಎದುರುಬದುರಾದರು.

"ನಿಂದು ಎತ್ತರ ಕಣಮ್ಮ."

"ನಿನ್ ಕಣ್ಣು ಕುಳ್ಳು ಕಣಯ್ಯ. ನನ್ ಗಂಡ ನಿಂತಿದ್ರೆ ಒಂದೇ ಸಲಕ್ಕೆ ಆಗ್ತಿತ್ತು."

"ನಿನ್ ಗಂಡ ಹಾಕಿದ ಆನಿಕೆ ಕೆಳಗೆ ನಾವೆಲ್ಲ ಬಗ್ಗೇ ಹೋಗ್ತಿದ್ವಿ."

"ಬಗ್ಗಿದ್ರಿ, ಆದ್ರೆ ಬದುಕಿದ್ರಿ."

ಅದು ನಿಜವಾಗಿತ್ತು. ಬೊಲೆಕ್ ಟೊಪ್ಪಿ ತೆಗೆದು ಬೆವರು ಒರೆಸಿಕೊಂಡ. ಇಬ್ಬರೂ ಕೂಡಿ ಇನ್ನೊಂದು ಸುತ್ತು ಕೊಯ್ದರು.

ಐದು ಗಂಟೆಗೆ ಕಾರಿನಿಂದ ಇಳಿದ ಆಶಿಲ್‌ಗೆ ಬೆಂಚೇ ಕಾಣಲಿಲ್ಲ. "ಕೂತು ನೋಡು," ಎಂದರು ಇಬ್ಬರೂ, ಮದುವೆಗೆ ಹೆಣ್ಣು ತೋರಿಸುವವರ ಮುಖದಲ್ಲಿ. ಆಶಿಲ್ ಕೂರತೊಡಗಿದ. ಕೂರುತ್ತಲೇ ಹೋದ. ಕೊನೆಗೆ ಎಲ್ಲಿಯೋ ತಳ ಸಿಕ್ಕಿತು. ಮೊಣಕಾಲು ಕಿವಿಯ ಹತ್ತಿರ ಬಂದಿತ್ತು.

"ಅಲ್ಲಾಡುತ್ತಾ?" ಎಂದ ಬೊಲೆಕ್.

"ಚೂರೂ ಇಲ್ಲ. ಇಬ್ರೂ ತುಂಬಾ ಕಷ್ಟ ಪಟ್ಟಿದೀರಿ," ಎಂದ ಆಶಿಲ್. ಅವನು ಮನಸಾರೆ ಹೇಳಿದ್ದ. ಎದ್ದೇಳಲು ಮಾತ್ರ ಆಗಲಿಲ್ಲ. ಬೊಲೆಕ್ ಒಂದು ಕೈ, ಜೆರ್ಮೇನ್ ಒಂದು ಕೈ ಹಿಡಿದು, ಬಾವಿಯಿಂದ ಕೊಡ ಎಳೆದಂತೆ ಎರಡೂ ಊರು ಸೇರಿ ಅವನನ್ನು ಎತ್ತಿದವು.

ಅಷ್ಟರಲ್ಲಿ ಮೊಸ್ಯೊ ಗೀ ಮೊಣಕಾಲೂರಿ ಅಳತೆಪಟ್ಟಿ ಬಿಚ್ಚಿದ್ದ. ಒಮ್ಮೆ ಅಳೆದ, ಇನ್ನೊಮ್ಮೆ ಅಳೆದ. ಅವನ ಮುಖ ಅರಳಿತು.

"ಹತ್ತೊಂಬತ್ತು ಸೆಂಟಿಮೀಟರ್. ಇಪ್ಪತ್ತಕ್ಕಿಂತ ತಗ್ಗಿದ್ರೆ ನಮ್ ನಿಯಮದಲ್ಲಿ ಅದು ಬೆಂಚಲ್ಲ ಮೊಸ್ಯೊ, ಕಾಲುದಾರಿಯ ಅಂಚು. ಅಂಚು ಒಕ್ಕೂಟದ್ದು. ಇನ್ನು ನೀವು ಯಾವ ಆಫೀಸಿಗೂ ಅಲೀಬೇಡಿ. ಇದರ ಪೂರ್ತಿ ಜವಾಬ್ದಾರಿ ನಮ್ದು."

ಜೆರ್ಮೇನ್ ಕಣ್ಣೊರೆಸಿಕೊಂಡಳು. ಬೊಲೆಕ್ ಮೊಸ್ಯೊ ಗೀಯ ಕೈ ಕುಲುಕಿದ. ಆಶಿಲ್ ಒಬ್ಬೊಬ್ಬರಿಗೂ ಕೃತಜ್ಞತೆ ಹೇಳಿದ. ತನಗಾಗಿ ಇಷ್ಟು ಜನ ಒಂದು ದಿನವನ್ನೇ ಕೊಟ್ಟರಲ್ಲ ಎಂದು ಅವನ ಎದೆ ಧೂಳಿಲ್ಲದೆಯೇ ಕಟ್ಟಿಬಂತು.

ಒಕ್ಕೂಟ ಕೊಟ್ಟ ಮಾತು ತಪ್ಪಲಿಲ್ಲ. ಮರುದಿನ ಬೆಳಕು ಹರಿಯುವುದರೊಳಗೆ ಕೆಲಸದವರು ಬಂದು ಬೆಂಚಿಗೆ ಅಂಚುಕಲ್ಲಿಗೆ ಬಳಿಯುವ ಬಿಳಿ ಬಣ್ಣ ಬಳಿದು, ಪಕ್ಕದಲ್ಲಿ ಕಬ್ಬಿಣದ ಕಂಬವೊಂದನ್ನು ನೆಟ್ಟು, ಫಲಕ ಹಾಕಿ ಹೋದರು: "ಕಾಲುದಾರಿಯ ಅಂಚಿನ ಮೇಲೆ ಕೂರಬಾರದು."

ಆಶಿಲ್ ನೂರ ಎಪ್ಪತ್ತನೆಯ ಹೆಜ್ಜೆಗೆ ಬಂದ. ಫಲಕ ಓದಿದ. ಕೂರಲು ಅಪ್ಪಣೆಯಿಲ್ಲ, ಅಪ್ಪಣೆ ಇದ್ದಿದ್ದರೂ ಏಳಲು ಆಗುತ್ತಿರಲಿಲ್ಲ. ಉಸಿರಂತೂ ಮುಗಿದಿತ್ತು. ಅವನು ಎರಡೂ ಕೈಯಿಂದ ಕಂಬವನ್ನು ಹಿಡಿದು, ಅದಕ್ಕೆ ಹಣೆ ಒರಗಿಸಿ ನಿಂತ. ಒಳ್ಳೆಯ ಕಂಬ. ತಣ್ಣಗಿತ್ತು, ಗಟ್ಟಿಯಾಗಿತ್ತು. ಒಕ್ಕೂಟದವರು ಬಾಳಲಿ ಎಂದುಕೊಂಡ.

ಬೀದಿಯ ಈಚೆ ಒಂದು ಬಾಗಿಲು ತೆರೆಯಿತು, ಆಚೆ ಒಂದು. ಬೊಲೆಕ್‌ನ ಒಂದು ಕಣ್ಣು ಆಗಲೇ ಮುಚ್ಚಿತ್ತು.

"ಏನೋ ಆಶಿಲ್, ಕಂಬ ಅಲ್ಲಾಡ್ತಿರೋ ಹಾಗಿದೆ?"

"ಇಲ್ಲಪ್ಪ, ಇಲ್ಲ," ಎಂದ ಆಶಿಲ್, ಕಂಬವನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡು. "ಅಲ್ಲಾಡ್ತಿರೋದು ನಾನು. ಗರಗಸ ಒಳಗಿಡು."