ತಂಗಿ ಊರಿನ ಪೂಲು

ಮನ್ಮಥಪ್ಪ: ಐದು ವರ್ಷ ಆಗ್ಲಿಕ್ಕೆ ಬಂತು ನಿಮ್ಮಣ್ಣ ಆರಿಸಿ ಬಂದು. ಮಾಡಿದ್ದು ಒಂದು ಕೆಲಸ ಹೇಳು, ಕೇಳ್ತೀನಿ.

ಪ್ರಯಾಗಬಾಯಿ: ಒಂದ್ಯಾಕ? ಗುಂಜೋಟ್ಯಾಗ ಅಗಸಿ ಮುಂದ ಕಮಾನು ಕಟ್ಟಿಸ್ಯಾನ.

ಮನ್ಮಥಪ್ಪ: ಯಾರ ಹೆಸರಿಲೆ?

ಪ್ರಯಾಗಬಾಯಿ: ನಮ್ಮಪ್ಪನ ಹೆಸರಿಲೆ. ಮತ್ತ ನಿಮ್ಮಪ್ಪನ ಹೆಸರಿಡಬೇಕಿತ್ತೇನು?

ಮನ್ಮಥಪ್ಪ: ಕಮಾನಿನ ಕೆಳಗ ರಸ್ತಾ ಎಲ್ಲದ?

ಪ್ರಯಾಗಬಾಯಿ: ರಸ್ತಾ ಬರ್ತದ. ಮನಿ ಕಟ್ಟೋ ಮುಂದ ಮೊದಲ ಬಾಗಿಲ ಚೌಕಟ್ಟು ನಿಲ್ಲಸಂಗಿಲ್ಲೇನು? ಹಂಗ ಅದು.

ಗಂಡ ಹೆಂಡತಿ ನಿಂತದ್ದು ಹಳ್ಳದ ದಂಡೆಯ ಮೇಲೆ. ಉಮರ್ಗಾ ತಾಲೂಕಿನ ಆ ಊರಿಗೆ ಹೊರಗಿನ ಲೋಕ ಎಂಬುದೆಲ್ಲ ಹಳ್ಳದ ಆಚೆಗೇ ಇತ್ತು. ಹಳ್ಳವೇನು ಬಹಳ ಅಗಲವಲ್ಲ. ಇಲ್ಲಿ ನಿಂತು ಬೈದರೆ ಅಲ್ಲಿದ್ದವನಿಗೆ ಚೆನ್ನಾಗಿ ಕೇಳಿಸುತ್ತಿತ್ತು. ಆದರೆ ಶ್ರಾವಣದಲ್ಲಿ ಒಮ್ಮೆ ತುಂಬಿತೆಂದರೆ ಎತ್ತಿನ ಕಾಲನ್ನೂ ನಿಲ್ಲಗೊಡುತ್ತಿರಲಿಲ್ಲ. ರಾತ್ರಿ ಮೇಲ್ಗಡೆ ಎಲ್ಲೋ ಮಳೆ ಹೊಡೆದು, ಬೆಳಗಾಗುವಷ್ಟರಲ್ಲಿ ಕೆಂಪು ನೀರು ದಡಕ್ಕೆ ಬಂದು ನಿಂತಿತ್ತು. ಪ್ರಯಾಗಬಾಯಿ ಇಳಕಲ್ ಸೀರೆ ಉಟ್ಟು, ಅಳ್ಳಿಟ್ಟಿನ ಉಂಡಿಯ ಗಂಟನ್ನು ಬಗಲಲ್ಲಿ ಹಿಡಿದು, ಆ ನೀರನ್ನು ಸವತಿಯನ್ನು ನೋಡಿದಂತೆ ನೋಡುತ್ತಿದ್ದಳು.

ನಾಳೆ ಪಂಚಮಿ. ಆಕೆ ಪಂಚಮಿಗೆ ತವರೂರು ಗುಂಜೋಟಿಗೆ ಹೋಗದೆ ನಾಲ್ಕು ವರ್ಷವಾಗಿತ್ತು. ಕೊಟ್ಟ ಹೆಣ್ಣಿಗೆ ಉಳಿದ ಹಬ್ಬ ತಪ್ಪಿದರೆ ತಪ್ಪಲಿ, ಪಂಚಮಿಯ ಜೋಕಾಲಿ ತವರಿನದೇ ಆಗಬೇಕು. ಅದಕ್ಕೂ ಒಂದು ರೀತಿಯುಂಟು: ಅಣ್ಣನೋ ತಮ್ಮನೋ ಖುದ್ದಾಗಿ ಬಂದು, ನೀರು ಕುಡಿದು, ಬಾ ಎಂದು ಕರೆಯಬೇಕು. ಜರೂರು ಇದ್ದವರು ತುಂಬಿದ ಹಳ್ಳವನ್ನೂ ಮನ್ಮಥಪ್ಪನ ಬೆಲ್ಲದ ಕಡಾಯಿಯಲ್ಲಿ ಕೂತು ದಾಟುತ್ತಿದ್ದರು, ನಿಜ. ಆದರೆ ಕರೆಯದ ತವರಿಗೆ ಕಡಾಯಿ ಹತ್ತಿ ಹೋಗುವಷ್ಟು ಪ್ರಯಾಗಬಾಯಿ ಮಾನಗೆಟ್ಟಿರಲಿಲ್ಲ. ಅಣ್ಣ ವಿಶ್ವನಾಥಪ್ಪ ಎಮ್ಮೆಲ್ಲೆ ಆದಾಗಿನಿಂದ ಪ್ರತಿ ಪಂಚಮಿಗೂ 'ಹಳ್ಳ ತುಂಬಿದೆಯಂತೆ, ಬರಲಾಗದು' ಎಂದು ಯಾರ ಕೈಯಲ್ಲೋ ಹೇಳಿ ಕಳಿಸುತ್ತಿದ್ದ. ಈ ಸಲ ಮಾತ್ರ ತಾನೇ ಜೀಪಿನಲ್ಲಿ ಬರುತ್ತೇನೆಂದು ಹೇಳಿದ್ದ. ಅದೊಂದು ಮಾತನ್ನು ಆಕೆ ಎಂಟು ದಿನದಿಂದ ಬಾಯಲ್ಲಿಟ್ಟು ಚಪ್ಪರಿಸುತ್ತಿದ್ದಳು.

ಮನ್ಮಥಪ್ಪ: ರಾಜ್ಯಾ ಒಡೀತಾವ ಅಂತ ಗದ್ದಲ ಆದಾಗ ಏನಂದ ನಿಮ್ಮಣ್ಣ? ಇಲ್ಲಿ ಬಂದು ಕನ್ನಡದಾಗ ಮೈಸೂರಿಗಿ ಹೋಗೋಣು ಅಂದ. ಉಮರ್ಗಾಕ್ಕ ಹೋಗಿ ಮರಾಠ್ಯಾಗ ಮುಂಬೈಗಿ ಹೋಗೋಣು ಅಂದ.

ಪ್ರಯಾಗಬಾಯಿ: ಅಂವಗ ಎರಡೂ ಭಾಷಾ ಬರ್ತಾವ. ನಿಮಗ ಒಂದೂ ನೆಟ್ಟಗ ಬರಂಗಿಲ್ಲ, ಅದಕ್ಕ ಹೊಟ್ಟಿಕಿಚ್ಚು.

ಮನ್ಮಥಪ್ಪ: ಈ ಹಳ್ಳಕ್ಕ ಪೂಲು ಎಲ್ಲಿ ಅಂತ ಕೇಳಿದ್ರ ಹೊಟ್ಟಿಕಿಚ್ಚೇನು?

ಪ್ರಯಾಗಬಾಯಿ: ಬೋರ್ಡು ಬಂದದಲ್ಲ.

ಬೋರ್ಡು ಬಂದದ್ದು ಸುಳ್ಳಲ್ಲ. ಎರಡು ವರ್ಷದ ಹಿಂದೆ ಯಾರೋ ಬಂದು ದಂಡೆಯ ಮೇಲೆ ಕಂಬ ನೆಟ್ಟು, 'ಪೂಲಿನ ಮೇಲೆ ಗಾಡಿ ಸಾವಕಾಶ ಹೊಡೆಯಿರಿ' ಎಂದು ಮರಾಠಿಯಲ್ಲೂ ಉರ್ದುವಿನಲ್ಲೂ ಬರೆದು ಹೋಗಿದ್ದರು. ಪೂಲು ಎಂಬ ಸೇತುವೆ ಇರಲಿಲ್ಲ. ಗಾಡಿಗಳು ಮಾತ್ರ ಆ ಬೋರ್ಡಿನ ಹತ್ತಿರ ಬಹಳ ಸಾವಕಾಶವಾಗಿ ನಿಂತು, ತಿರುಗಿ ಮನೆಗೆ ಹೋಗುತ್ತಿದ್ದವು. ಈಗ ಆ ಕಂಬಕ್ಕೆ ಒಂದು ಟಗರು ಕಟ್ಟಿತ್ತು. ಅದರ ಪಕ್ಕದಲ್ಲಿ ಕಂಬಳಿ ಹಾಸಿಕೊಂಡು ಕೂತಿದ್ದವನು ಧೂಳಪ್ಪ. ಬೀರಪ್ಪನ ಒಕ್ಕಲು, ಕುರಿ ಕಾಯುವವನು. ಹಿಂಗಾರಿಗೆಂದು ಬೀಳುಬಿಟ್ಟ ಹೊಲಗಳಲ್ಲಿ ರಾತ್ರಿ ಕುರಿ ನಿಲ್ಲಿಸಿ, ಗೊಬ್ಬರ ಕೊಟ್ಟು ಜೋಳ ಇಸಿದುಕೊಳ್ಳುತ್ತ ಊರೂರು ತಿರುಗಿ, ಹಬ್ಬಕ್ಕೆಂದು ನಿನ್ನೆಯಷ್ಟೇ ಮರಳಿದ್ದ. ಕುರಿ ಹೊಲಕ್ಕೆ ಗೊಬ್ಬರ ಬಿಟ್ಟರೆ, ಧೂಳಪ್ಪ ಊರಿಗೆ ಸುದ್ದಿ ಬಿಡುತ್ತಿದ್ದ. ಗಂಡ ಹೆಂಡಿರ ಜಗಳದಲ್ಲಿ ಬಾಯಿ ಹಾಕಬಾರದೆಂದು ಇಷ್ಟು ಹೊತ್ತು ಎಲೆ ಅಡಿಕೆ ಹಾಕಿಕೊಂಡು ಬಾಯಿ ಕಟ್ಟಿಕೊಂಡಿದ್ದ.

ಅಷ್ಟರಲ್ಲಿ ಆಚೆ ದಂಡೆಯಲ್ಲಿ ಜೀಪು ಬಂದು ನಿಂತಿತು. ಮೊದಲು ಡ್ರೈವರ್ ಅಂಬಾದಾಸ ಇಳಿದು ಬಾಗಿಲು ಹಿಡಿದ. ಆಮೇಲೆ ಬಿಳಿ ಟೋಪಿ, ಬಿಳಿ ಅಂಗಿ, ಬಿಳಿ ಧೋತರದ ವಿಶ್ವನಾಥಪ್ಪ ಇಳಿದು, ಹಳ್ಳಕ್ಕೇ ಕೈಮುಗಿದ. ಎಲ್ಲಿ ಇಳಿದರೂ ಮೊದಲು ಕೈಮುಗಿಯುವುದು ಅವನಿಗೆ ಚಟವಾಗಿತ್ತು.

ವಿಶ್ವನಾಥಪ್ಪ: ಪ್ರಯಾಗಾ, ಲಗೂನ ಬಾ ಅವ್ವಾ. ಸಭಾಕ್ಕ ಹೊತ್ತಾಯ್ತು.

ಪ್ರಯಾಗಬಾಯಿ: ಹ್ಯಾಂಗ ಬರ್ಲಿ ಅಣ್ಣಾ? ಹಳ್ಳ ತುಂಬ್ಯಾದ.

ವಿಶ್ವನಾಥಪ್ಪ: ಇಷ್ಟು ನೀರು ಇರ್ತದಂತ ನನಗ ಯಾರೂ ಹೇಳೇ ಇಲ್ಲ.

ಮನ್ಮಥಪ್ಪ: ವರ್ಷಾ ವರ್ಷಾ ನೀವೇ ನಮಗ ಹೇಳಿ ಕಳಸ್ತಿದ್ರಿ, ಸಾಹೇಬ್ರ.

ಸಭೆ ಎಂದದ್ದು ಪ್ರಯಾಗಬಾಯಿಯ ಕಿವಿಗೆ ಈಗ ಬಿತ್ತು. ಯಾವ ಸಭೆ ಎಂದು ಕೇಳಿದಳು. ವಿಶ್ವನಾಥಪ್ಪ ಕೈಯನ್ನು ಬಾಯಿಗೆ ಅಡ್ಡ ಹಿಡಿದು ವಿವರಿಸಿದ. ಗುಂಜೋಟಿಯಲ್ಲಿ ಮಧ್ಯಾಹ್ನ ಅವನಿಗೆ ಸತ್ಕಾರವಂತೆ. ಪಕ್ಷದ ದೊಡ್ಡವರು ಬರುತ್ತಾರಂತೆ. ಬರುವ ಚುನಾವಣೆಗೆ ಟಿಕೀಟು ಕೊಡಬೇಕೋ ಬೇಡವೋ ಎಂದು ನೋಡಿ ಹೋಗುತ್ತಾರಂತೆ. ಒಡಹುಟ್ಟಿದ ತಂಗಿ ಎದ್ದು ಆರತಿ ಬೆಳಗಿ, ನಮ್ಮಣ್ಣ ಇಂಥಿಂಥ ಸೇವೆ ಮಾಡಿದ್ದಾನೆ ಎಂದು ನಾಲ್ಕು ಮಾತು ಹೇಳಿದರೆ ಅದರ ವಜನೇ ಬೇರೆಯಂತೆ.

ಪ್ರಯಾಗಬಾಯಿಗೆ ಉಂಡಿಯ ಗಂಟು ಒಮ್ಮೆಲೇ ಭಾರವೆನಿಸಿತು. ಅಣ್ಣ ಬಂದದ್ದು ಪಂಚಮಿಗಲ್ಲ. ಆದರೂ ಗಂಡನ ಮುಂದೆ ಅದನ್ನು ಒಪ್ಪುವುದುಂಟೇ? ತವರಿನ ಮಾನ ದೊಡ್ಡದು.

ಮನ್ಮಥಪ್ಪ: ಹೂಂ, ತಯಾರಾಗು. ಸೇವಾ ಏನೇನು ಹೇಳ್ತಿ?

ಪ್ರಯಾಗಬಾಯಿ: ನೀವು ಸುಮ್ನಿರ್ರಿ. ಅಣ್ಣಾ, ಇವ್ರು ಮುಂಜಾನಿಂದ ತಲಿ ತಿಂತಾರ. ಈ ಪೂಲು ಯಾಕ ಆಗಿಲ್ಲ, ಒಮ್ಮಿ ನಿನ್ನ ಬಾಯಿಲೆ ಹೇಳಿಬಿಡು.

ವಿಶ್ವನಾಥಪ್ಪ ಟೋಪಿ ಸರಿಮಾಡಿಕೊಂಡು ತಂಗಿಯ ಗಂಡನ ಕಡೆ ತಿರುಗಿದ. ಇಂಥ ಪ್ರಶ್ನೆಗೆ ಅವನ ಹತ್ತಿರ ಉತ್ತರ ಸದಾ ತಯಾರಿರುತ್ತಿತ್ತು.

ವಿಶ್ವನಾಥಪ್ಪ: ದಾಜೀ, ಮೊದಲ ತಂಗಿ ಗಂಡನ ಊರಿಗೇ ಪೂಲು ಕಟ್ಟಿಸಿದ್ರ ಮಂದಿ ಏನಂತಾರ? ತನ್ನವರ ಮನಿ ತುಂಬಿದ ಅಂತಾರ. ನಂದು ಒಂದೇ ಮಾತು. ಆಧೀ ಜನತಾ, ಮಗ ಘರ. ಮೊದಲ ಮಂದಿ, ಆಮ್ಯಾಲ ಮನಿ.

ಆಚೆ ಅಂಬಾದಾಸ ಒಬ್ಬನೇ ಚಪ್ಪಾಳೆ ತಟ್ಟಿದ. ಸಂಬಳದಲ್ಲಿ ಅದೂ ಸೇರಿತ್ತೋ ಏನೋ. ಪ್ರಯಾಗಬಾಯಿಯ ಮುಖ ಅರಳಿತು.

ಪ್ರಯಾಗಬಾಯಿ: ಕೇಳಿದ್ರಿಲ್ಲ? ಎಷ್ಟು ನ್ಯಾಯಸ್ಥ ನಮ್ಮಣ್ಣ. ನಾ ನಾಕು ವರ್ಷ ತವರು ಬಿಟ್ಟು ಕುಂತಿದ್ದು ಸಾರ್ಥಕಾಯ್ತು. ಅಷ್ಟು ಮಂದಿಗಿ ಪೂಲು ಸಿಕ್ಕಿರಬೇಕು.

ಮನ್ಮಥಪ್ಪ: ಯಾವ ಮಂದಿಗಿ?

ಪ್ರಯಾಗಬಾಯಿ: ಮಾಕಣಿಗಿ ಆಗಿರಬೇಕು. ಅಲ್ಲೂ ಹಳ್ಳ ಅದ.

ಧೂಳಪ್ಪನಿಗೆ ಇನ್ನು ತಡೆಯಲಾಗಲಿಲ್ಲ. ಎಲೆ ಅಡಿಕೆ ಉಗಿದು ಎದ್ದು ನಿಂತ.

ಧೂಳಪ್ಪ: ಮಾಕಣ್ಯಾಗ ಇಲ್ರಿ, ವೈನಿ. ನಮ್ಮ ಕುರಿ ಅಲ್ಲೇ ಇದ್ದವು. ಸಾಹೇಬ್ರು ಬಂದಿದ್ರು, ಮಂದಿ ಪೂಲು ಕೇಳಿದ್ರು.

ಪ್ರಯಾಗಬಾಯಿ: ಮತ್ತ?

ಧೂಳಪ್ಪ: ಸಾಹೇಬ್ರು ಕಣ್ಣಾಗ ನೀರು ತಂದ್ರು. ನನ್ನ ಒಡಹುಟ್ಟಿದ ತಂಗಿ ಪ್ರಯಾಗಾ, ಹಳ್ಳಕ್ಕ ಪೂಲಿಲ್ಲ ಅಂತ ಪಂಚಮಿಗಿ ತವರಿಗಿ ಬಂದಿಲ್ಲ, ಆಕಿಗೇ ನಾ ಕಟ್ಟಿಸಿಲ್ಲ, ನಿಮಗ ಹ್ಯಾಂಗ ಕಟ್ಟಿಸಲಿ ಅಂದ್ರು. ಮಂದಿ ಎಲ್ಲಾ ಅಳಕೋತ ಮನಿಗಿ ಹೋದ್ರು. ಹೆಣ್ಮಕ್ಕಳು ನಿಮ್ಮ ಹೆಸರು ತಗೊಂಡು ಅತ್ತರು, ವೈನಿ.

ಪ್ರಯಾಗಬಾಯಿ: ಒಂದು ಮಾಕಣ್ಯಾಗ ಅಂದಿರಬೇಕು.

ಧೂಳಪ್ಪ: ನಾ ಕುರಿ ಹೊಡಕೊಂಡು ಹೋದ ಊರಾಗೆಲ್ಲ ಅಂದಾರ. ಒಂದೂರಾಗ ಬಾವಿ ಕೇಳಿದ್ರೂ ನಿಮ್ಮ ಹಳ್ಳದ್ದೇ ಹೇಳ್ಯಾರ.

ಮನ್ಮಥಪ್ಪನಿಗೆ ನಗು ಒತ್ತರಿಸಿ ಬಂತು. ಹೆಂಡತಿಯ ಮುಖ ನೋಡಿ ಹಾಗೇ ನುಂಗಿಕೊಂಡ. ಪ್ರಯಾಗಬಾಯಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು. ತನಗೆ ಪೂಲು ಕೊಡದಿರಲು ಊರ ಮಂದಿ ನೆವ. ಊರ ಮಂದಿಗೆ ಕೊಡದಿರಲು ತಾನು ನೆವ. ನಾಲ್ಕು ಪಂಚಮಿ ತಾನು ಈ ದಂಡೆಯಲ್ಲಿ ಅತ್ತದ್ದನ್ನು ಅಣ್ಣ ಆ ದಂಡೆಯಲ್ಲಿ ಊರೂರು ಹೊತ್ತು ಮಾರಿದ್ದ. ಸಿಟ್ಟು ಬಂದಾಗ ಪ್ರಯಾಗಬಾಯಿಯ ದನಿ ಬಹಳ ಮೆತ್ತಗಾಗುತ್ತಿತ್ತು. ಅದು ಗೊತ್ತಿದ್ದ ಮನ್ಮಥಪ್ಪ ಎರಡು ಹೆಜ್ಜೆ ಹಿಂದೆ ಸರಿದ.

ಪ್ರಯಾಗಬಾಯಿ: ಅಣ್ಣಾ, ನಾ ಬರ್ತೀನಿ. ಆದ್ರ ಕರೀದೇ ಹ್ಯಾಂಗ ಬರ್ಲಿ? ದಾಟಿ ಬಂದು, ನೀರು ಕುಡದು, ಕರಿ. ಅವ್ವ ಇದ್ದಿದ್ರ ಇದೇ ಅಂತಿದ್ಲು.

ವಿಶ್ವನಾಥಪ್ಪ: ದಾಟೋದು ಹ್ಯಾಂಗವ್ವಾ?

ಪ್ರಯಾಗಬಾಯಿ: ಧೂಳಪ್ಪಾ, ಕಡಾಯಿ ತಗೊಂಡು ಹೋಗು.

ಬೆಲ್ಲ ಕಾಸುವ ಆ ಕಡಾಯಿ ಗಾಣದ ಕಾಲ ಬಿಟ್ಟರೆ ಉಳಿದ ದಿನ ಕೊಟ್ಟಿಗೆಯ ಗೋಡೆಗೆ ಬೆನ್ನು ಕೊಟ್ಟು ಮಲಗಿರುತ್ತಿತ್ತು. ಧೂಳಪ್ಪ, ಅವನ ತಮ್ಮ ಮಲ್ಲಣ್ಣ ಇಬ್ಬರೂ ಅದನ್ನು ಹೊತ್ತು ತಂದು, ಸೋರೆಬುರುಡೆ ಬೆನ್ನಿಗೆ ಕಟ್ಟಿಕೊಂಡು, ಕಡಾಯಿಯ ಕಿವಿ ಹಿಡಿದು ಈಸಿ ಆಚೆ ದಂಡೆ ಮುಟ್ಟಿದರು. ವಿಶ್ವನಾಥಪ್ಪ ಕಡಾಯಿಯನ್ನು ನೋಡಿದ, ಜೀಪನ್ನು ನೋಡಿದ, ಅಂಬಾದಾಸನನ್ನು ನೋಡಿದ. ಅಂಬಾದಾಸ ತಾನು ಜೀಪು ಕಾಯುತ್ತೇನೆಂದ.

ವಿಶ್ವನಾಥಪ್ಪ: ಇದರಾಗ ಮನಷ್ಯಾರು ಕೂಡ್ತಾರೇನೋ?

ಧೂಳಪ್ಪ: ನಮ್ಮೂರ ಬಸುರ್ಯಾರು, ರೋಗಿಗಳು ಇದರಾಗೇ ದವಾಖಾನಿಗಿ ಹೋಗ್ತಾರ, ಸಾಹೇಬ್ರ. ನಿಮಗೇನು ಧಾಡಿ ಆಗ್ಯಾದ? ಕೂಡ್ರಿ.

ಟಿಕೀಟಿನ ಆಸೆ ದೊಡ್ಡದು. ವಿಶ್ವನಾಥಪ್ಪ ಧೋತರ ಎತ್ತಿ ಕಟ್ಟಿ ಒಳಗೆ ಕುಕ್ಕರಿಸಿದ. ಕಡಾಯಿಗೆ ತಳ ದುಂಡಗೆ. ನಡುನೀರಿಗೆ ಬಂದದ್ದೇ ಅದು ಗಿರಗಿರನೆ ತಿರುಗಲು ಹತ್ತಿತು. ಎಮ್ಮೆಲ್ಲೆ ಒಮ್ಮೆ ಮುಂಬೈಗೆ ಮುಖ ಮಾಡಿದ, ಒಮ್ಮೆ ಮೈಸೂರಿಗೆ, ಮತ್ತೆ ಮುಂಬೈಗೆ. ಯಾವ ರಾಜ್ಯದ ಕಡೆಗೂ ನೆಟ್ಟಗೆ ನಿಲ್ಲಲಾಗಲಿಲ್ಲ. ಟೋಪಿ ತೇಲಿ ಹೋಯಿತು. ತೆರೆ ಹೊಡೆದು ಬಾಯಿ ತುಂಬ ನೀರು ಹೋಯಿತು. ಆ ಹೊತ್ತಿನಲ್ಲಿ ಧೂಳಪ್ಪ ಕಿವಿ ಹಿಡಿದುಕೊಂಡೇ, ಗಾಯರಾಣದ ಹುಲ್ಲುಗಾವಲಿನಲ್ಲಿ ಕುರಿ ಬಿಡಲು ಚೌಕಿದಾರ ಕಿರಿಕಿರಿ ಮಾಡುತ್ತಾನೆ, ಏನಾದರೂ ಇಂತಜಾಮು ಮಾಡಿರೆಂದು ಸಾವಕಾಶವಾಗಿ ಕೇಳಿದ. ಆಯ್ತೆಂದು ಸಾಹೇಬರು ಬೀರಪ್ಪನಾಣೆ ಹಾಕಿದರು. ಲಿಂಗಾಯತನ ಬಾಯಲ್ಲಿ ಕುರುಬರ ಬೀರಪ್ಪ ಬಂದದ್ದು ಕೇಳಿ ಮಲ್ಲಣ್ಣನಿಗೆ ಪಾಪ ಅನ್ನಿಸಿ ಕಡಾಯಿಯನ್ನು ಜೋರಾಗಿ ತಳ್ಳಿದ.

ದಂಡೆಗೆ ಬಿದ್ದ ವಿಶ್ವನಾಥಪ್ಪ ಬಹಳ ಹೊತ್ತು ನೆಲವನ್ನು ಬಿಡಲಿಲ್ಲ. ಎಷ್ಟಾದರೂ ಅಣ್ಣ. ಪ್ರಯಾಗಬಾಯಿ ಸೆರಗಿನಿಂದ ಅವನ ತಲೆ ಒರೆಸಿದಳು.

ಪ್ರಯಾಗಬಾಯಿ: ಈಗ ಕರಿ, ಅಣ್ಣಾ.

ವಿಶ್ವನಾಥಪ್ಪ: ಬಾರವ್ವ, ಪಂಚಮಿಗಿ ಬಾ. ಆದ್ರ ಆ ಕಡಾಯಾಗ ನಾ ಸತ್ರೂ ಮತ್ತ ಕೂಡಂಗಿಲ್ಲ. ನೀರು ಇಳೀಲಿ, ಕೂಡೇ ಹೋಗಾಮು.

ಪ್ರಯಾಗಬಾಯಿ: ನೀರು?

ವಿಶ್ವನಾಥಪ್ಪ: ಹಳ್ಳದ್ದೇ ಹೊಟ್ಟಿ ತುಂಬ ಕುಡದೀನಿ.

ಪ್ರಯಾಗಬಾಯಿ: ಅದೂ ನಮ್ಮೂರ ನೀರೇ. ಕರದಂಗಾಯ್ತು.

ಇಷ್ಟು ಹೇಳಿದವಳೇ ಗಂಟು ಎತ್ತಿಕೊಂಡು, ಸೀರೆಗೆ ಕಚ್ಚೆ ಹಾಕಿ, ಕಡಾಯಿಯ ನಡುವೆ ಚಕ್ಕಂಬಕ್ಕಲ ಹಾಕಿ ಕೂತುಬಿಟ್ಟಳು. ಇಬ್ಬರು ಗಂಡಸರೂ ಬಾಯಿ ತೆರೆಯುವಷ್ಟರಲ್ಲಿ ಧೂಳಪ್ಪ ಕಡಾಯಿಯ ಕಿವಿ ಹಿಡಿದು ನೀರಿಗಿಳಿದಿದ್ದ. ಆಕೆ ಗಟ್ಟಿ ಕೂತಿದ್ದಕ್ಕೋ ಏನೋ, ಕಡಾಯಿ ಅಷ್ಟೇನೂ ತಿರುಗಲಿಲ್ಲ. ಆಚೆ ದಂಡೆಯಲ್ಲಿ ಅಂಬಾದಾಸ ಬಾಗಿಲು ಹಿಡಿದ. ಪ್ರಯಾಗಬಾಯಿ ಜೀಪಿನ ಮುಂದಿನ ಸೀಟಿನಲ್ಲಿ, ಅಣ್ಣ ಕೂಡುವ ಜಾಗದಲ್ಲಿ, ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಳು. ನಾಲ್ಕು ವರ್ಷದ ಮೇಲೆ ತವರಿನ ದಾರಿ ಕಾಲ ಕೆಳಗೆ ಬಂದಿತ್ತು. ಆಕೆಗೆ ಜೋಕಾಲಿ ಈಗಲೇ ಹತ್ತಿದಷ್ಟು ಖುಷಿಯಾಯಿತು.

ಮನ್ಮಥಪ್ಪ: ಏ, ರೊಟ್ಟಿ ಯಾರು ಬಡೀಬೇಕು?

ಪ್ರಯಾಗಬಾಯಿ: ಹಿಟ್ಟು ಮಡಕ್ಯಾಗದ. ನಿಮ್ಮ ಮೈದುನ ಸೇವಾ ಮಾಡಿದಂವ, ಅಂವಗ ಹಚ್ಚರಿ.

ವಿಶ್ವನಾಥಪ್ಪನಿಗೆ ರೊಟ್ಟಿಗಿಂತ ದೊಡ್ಡ ಚಿಂತೆ ಹತ್ತಿತ್ತು. ಪಕ್ಷದ ದೊಡ್ಡವರು ಬಂದು ಕೂತಿರುತ್ತಾರೆ, ಸತ್ಕಾರದ ಶಾಲು ಬಂದಿರುತ್ತದೆ, ಹೊದಿಸಿಕೊಳ್ಳುವ ಮೈ ಮಾತ್ರ ಇಲ್ಲಿ.

ವಿಶ್ವನಾಥಪ್ಪ: ಪ್ರಯಾಗಾ, ಸಭಾದಾಗ ನಾ ಯಾಕ ಬಂದಿಲ್ಲಂತ ಕೇಳ್ತಾರ. ಏನರ ಚಲೋ ಕಾರಣ ಹೇಳವ್ವಾ.

ಪ್ರಯಾಗಬಾಯಿ: ಚಿಂತಿ ಮಾಡಬ್ಯಾಡ ಅಣ್ಣಾ. ಇದ್ದದ್ದೇ ಹೇಳ್ತೀನಿ. ಎಮ್ಮೆಲ್ಲೆ ಸಾಹೇಬ್ರಿಗಿ ಬರೂ ಮನಸ್ಸು ಭಾಳ ಇತ್ತು, ಹಳ್ಳಕ್ಕ ಪೂಲಿಲ್ಲ ಅಂತ.